ತಾರಸಿಯ ಮೇಲಿನ ಗಾಜಿನ ಬೋಗುಣಿ

ಅವರ ಹಿಮ್ಮಡಿಯ ಬಿರುಕುಗಳಲ್ಲಿ ಸದಾ ಬಿಳಿ ಬಣ್ಣ ತುಂಬಿಕೊಂಡಿರುತ್ತಿತ್ತು. ಸುಣ್ಣದ ಬಿಳಿಯಲ್ಲ; ತಾರಸಿಗೆ ಬಳಿಯುವ, ಒಣಗಿದ ಮೇಲೆ ರಬ್ಬರಿನಂತೆ ಬಿಗಿದುಕೊಂಡು ಕೂರುವ ಬಣ್ಣ. ಮೊದಲ ಸಲ ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ನಾನು ಅವರ ಹಿಂದಿದ್ದೆ. ಹಾಗಾಗಿ ಇವತ್ತಿಗೂ ಮುಖಕ್ಕಿಂತ ಮೊದಲು ಆ ಹಿಮ್ಮಡಿಗಳೇ ನೆನಪಿಗೆ ಬರುತ್ತವೆ. ನಾನು ನೋಡುತ್ತಿರುವುದು ಬೆನ್ನಿಗೆ ಗೊತ್ತಾಯಿತೋ ಏನೋ, ತಿರುಗದೆಯೇ ಹೇಳಿದರು.

“ನಂದೂ ವಾಟರ್‌ಪ್ರೂಫ್ ಆಗೈತೆ ಮೇಡಂ. ಎಂಥ ಮಳೆ ಬಂದ್ರೂ ಒಳಕ್ಕಿಳಿಯಲ್ಲ.”

ಜೆ.ಪಿ. ನಗರದ ನಮ್ಮ ರಸ್ತೆಯಲ್ಲಿ ಎಲ್ಲರೂ ಅವರನ್ನು ಟೆರೇಸ್ ಅಕ್ಕ ಎನ್ನುತ್ತಿದ್ದರು. ಜರಗನಹಳ್ಳಿಯಿಂದ ನಡೆದೇ ಬರುವರು. ಒಂದು ಕೈಯಲ್ಲಿ ತಂತಿ ಬ್ರಷ್ಷು, ಕೆರೆಯುವ ಬ್ಲೇಡು ಹಾಕಿಕೊಂಡ ಬಕೆಟ್ಟು, ಇನ್ನೊಂದರಲ್ಲಿ ಊಟದ ಡಬ್ಬಿ, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ. ವಯಸ್ಸಿನಲ್ಲಿ ಸಿಟ್ಟಾಳಾಗಿ, ಅಂದರೆ ಗಾರೆ ಕೆಲಸದ ಕೂಲಿಯಾಳಾಗಿ, ವರ್ಷಗಟ್ಟಲೆ ಕಾಂಕ್ರೀಟು ಹೊತ್ತವರು. ಸೊಂಟ ನೋಯತೊಡಗಿದ ಮೇಲೆ ಹೊರುವುದು ಬಿಟ್ಟು, ಹೊತ್ತು ಹಾಕಿದ್ದನ್ನು ಮಳೆಬಿಸಿಲಿನಿಂದ ಕಾಯುವ ಕೆಲಸ ಕಲಿತುಕೊಂಡಿದ್ದರು.

“ಈ ಕಡೆ ಅರ್ಧ ಮನೆಗಳ ತಾರಸಿ ಮೋಲ್ಡು ನನ್ ತಲೆ ಮೇಲೇ ಹತ್ತಿರೋದು,” ಎನ್ನುವರು. “ಯಾರ ಮನೇಲಿ ಅರ್ಜೆಂಟು ಮಾಡಿದ್ರು, ಯಾರ ಮನೇಲಿ ನೀರು ಜಾಸ್ತಿ ಕಲಸಿದ್ರು, ಎಲ್ಲ ಗೊತ್ತೈತೆ. ಹೇಳಿದ್ರೆ ಸುಮ್ನೆ ಜಗಳ ಆಗ್ತವೆ.”

“ನಮ್ಮನೇದು?” ಎಂದು ನಾನು ಕೇಳಿದ್ದೆ.

“ನಿಮ್ಮನೆಗೆ ನಾನು ಹೊತ್ತಿಲ್ಲ. ಅದಕ್ಕೇ ಸೋರ್ತಾ ಐತೆ.”

ಮೇಡಂ ಎನ್ನಬೇಡಿ, ನಾನು ನಿಮ್ಮನ್ನು ಅಕ್ಕ ಅನ್ನುವ ಹಾಗೆ ನೀವೂ ಅಕ್ಕ ಅನ್ನಿ ಎಂದರೂ ಒಪ್ಪಲಿಲ್ಲ. ಇಬ್ಬರೂ ಅಕ್ಕ ಅಕ್ಕ ಅಂತ ಕೂಗಿದರೆ ಯಾರು ಯಾರನ್ನು ಕರೆಯುತ್ತಿದ್ದಾರೆ ಎಂದು ಕೆಳಗಿನವರಿಗೆ ಗೊತ್ತಾಗುವುದಿಲ್ಲವಂತೆ.

ಮೊದಲ ವರ್ಷ ಅವರು ಮಾಡಿದ್ದು ಪೋರ್ಟಿಕೋ ಮೇಲಿನ ಸಣ್ಣ ತಾರಸಿ. ಹಿಂದೆ ಬಂದವರೆಲ್ಲ ಡಬ್ಬ ತೆರೆದು ಬಳಿದು ಹೋಗಿದ್ದರು. ಇವರು ಎರಡು ದಿನ ಡಬ್ಬವನ್ನೇ ತೆರೆಯಲಿಲ್ಲ. ಮೊದಲು ಹಳೆಯ ಪದರವನ್ನೆಲ್ಲ ಕೆರೆದರು, ಗುಡಿಸಿದರು. ಆಮೇಲೆ ಎರಡು ಕೊಡ ನೀರು ಸುರಿದು, ಅದು ಒಣಗುವುದನ್ನು ನೋಡುತ್ತಾ ಪ್ಯಾರಪೆಟ್ ಗೋಡೆಯ ನೆರಳಲ್ಲಿ ಕುಳಿತರು. ಎಲ್ಲ ಕಡೆ ಒಣಗಿ ಬೆಳ್ಳಗಾದ ಮೇಲೂ ಅಲ್ಲಲ್ಲಿ ಕೂದಲೆಳೆಯಂಥ ಕಪ್ಪು ಗೆರೆಗಳು ಉಳಿದವು. ಬಿರುಕು ನೀರು ಕುಡಿದು ತನ್ನ ಗುರುತು ತಾನೇ ತೋರಿಸಿಕೊಳ್ಳುತ್ತಿತ್ತು. ಆ ಗೆರೆಗಳು ಮಾಸುವ ಮೊದಲು ಗುರುತು ಹಾಕಬೇಕು. ನನ್ನಿಂದ ರಂಗೋಲಿ ಪುಡಿ ಕೇಳಿ ಪಡೆದು, ಗೆರೆಯ ಮೇಲೆ ಗೆರೆ ಎಳೆದರು. ಚುಕ್ಕಿಯಿಲ್ಲದ, ಎಲ್ಲಿಂದಲೋ ಹೊರಟು ಎಲ್ಲೋ ನಿಲ್ಲುವ ಆ ರಂಗೋಲಿಯನ್ನು ನೋಡಲು ಎದುರುಮನೆಯ ನಿವೃತ್ತ ಎಂಜಿನಿಯರರೂ ತಮ್ಮ ಬಾಲ್ಕನಿಗೆ ಬಂದು ನಿಂತಿದ್ದರು.

ಬಿರುಕುಗಳಿಗೆ ಲೇಪ ಮೆತ್ತಿದ ಮೇಲೆ ಇನ್ನೊಂದು ಪರೀಕ್ಷೆ. ಅದಕ್ಕೆ ಅವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

“ಒಂದು ಗಾಜಿನ ಪಾತ್ರೆ ಕೊಡಿ. ಚಪಾತಿ ಹಿಟ್ಟು ಕಲಸಿದ್ರೆ ಅದೂ ಒಂಚೂರು.”

ನನ್ನ ಕಾನ್ವೆಂಟ್ ಗೆಳತಿಯೊಬ್ಬಳು ಮದುವೆಗೆ ಉಡುಗೊರೆ ಕೊಟ್ಟ ಬೋಗುಣಿಯೊಂದಿತ್ತು. ಅಂಚಿನಲ್ಲಿ ಸಣ್ಣ ಹೂಬಳ್ಳಿ ಕೊರೆದ, ಹಬ್ಬಕ್ಕೆ ಫ್ರೂಟ್ ಸಲಾಡ್ ಹಾಕಿಡುತ್ತಿದ್ದ ಬೋಗುಣಿ. ಅದನ್ನೇ ಕೊಟ್ಟೆ. ಅವರು ಅದನ್ನು ತಾರಸಿಯ ಮೇಲೆ ಬೋರಲು ಹಾಕಿ, ಒಳಗೆ ಗಾಳಿಯಾಡದಂತೆ ಅಂಚಿನ ಸುತ್ತ ಹಿಟ್ಟು ಒತ್ತಿದರು. ಬೆಳಿಗ್ಗೆ ಇಟ್ಟರೆ ಮಧ್ಯಾಹ್ನ ನೋಡಬೇಕು. ಕಾಂಕ್ರೀಟಿನ ಒಳಗೆ ನೀರು ಉಳಿದಿದ್ದರೆ ಬಿಸಿಲಿಗೆ ಆವಿಯಾಗಿ ಮೇಲೆ ಬಂದು ಗಾಜಿಗೆ ಹನಿಗಟ್ಟುತ್ತದೆ. ಹನಿಯಿದ್ದರೆ ಬಳಿಯುವಂತಿಲ್ಲ, ಇನ್ನೊಂದು ದಿನ ಬಿಸಿಲು ಕಾಯಬೇಕು. ನೀರನ್ನು ಒಳಗಿಟ್ಟು ಮೇಲೆ ಮುಚ್ಚಿದರೆ ಅದು ಹೊರಬರಲು ದಾರಿ ಹುಡುಕಿಯೇ ಹುಡುಕುತ್ತದೆ, ಬಳಿದ ಪದರವನ್ನೇ ಎತ್ತಿ ಹಾಕುತ್ತದೆ.

ಹಿಟ್ಟು ಮೆತ್ತುವಾಗ ಅವರ ಬೆರಳುಗಳು ಕಡುಬಿನ ಅಂಚು ಮಡಿಸುವ ಹಾಗೆ ಓಡುತ್ತಿದ್ದವು.

“ನೀವು ಇಂಗ್ಲಿಷ್ ಸ್ಕೂಲಲ್ಲಿ ಓದಿದವ್ರು. ಈ ಡಬ್ಬದ ಮೇಲೆ ಏನ್ ಬರೆದವ್ರೆ ಹೇಳಿ,” ಎಂದು ಒಮ್ಮೆ ಕೇಳಿದರು. ಕನ್ನಡಕ ಹಾಕಿಕೊಂಡು ಇಡೀ ಪಟ್ಟಿ ಓದಿ ಹೇಳಿದೆ. ಮೇಲ್ಮೈ ಸ್ವಚ್ಛವಾಗಿರಬೇಕು, ಸಂಪೂರ್ಣ ಒಣಗಿರಬೇಕು.

“ಅಷ್ಟೇನಾ? ಇಷ್ಟು ಹೇಳಕ್ಕೆ ಅಷ್ಟುದ್ದ ಬರೆದವ್ರೆ ನೋಡಿ.”

ಬೋಗುಣಿಯ ಜೊತೆಗೆ ಅವರಿಗೆ ಇನ್ನೊಂದು ಸಾಕ್ಷಿ ಬೇಕಾಗುತ್ತಿತ್ತು, ಅವರ ಅಂಗಾಲು. ನಡುಮಧ್ಯಾಹ್ನದ ಬಿಸಿಲಲ್ಲಿ, ನಾನು ಚಪ್ಪಲಿ ಹಾಕಿಯೂ ನಿಲ್ಲಲಾರದ ಹೊತ್ತಿನಲ್ಲಿ, ಅವರು ಬರಿಗಾಲಲ್ಲಿ ಮೂಲೆಯಿಂದ ಮೂಲೆಗೆ ನಡೆಯುವರು. ಒಣಗಿದ ಕಡೆ ಸುಡುತ್ತದೆ, ಒದ್ದೆ ಇರುವ ಕಡೆ ಒಂಚೂರು ತಂಪು. ಕಾಲು ಮತ್ತು ಗಾಜು ಎರಡೂ ಒಂದೇ ಮಾತು ಹೇಳಿದ ಮೇಲೇ ಡಬ್ಬದ ಮುಚ್ಚಳ ತೆಗೆಯುವರು. ಆ ಪೋರ್ಟಿಕೋ ತಾರಸಿ ಅವತ್ತಿನಿಂದ ಇವತ್ತಿನವರೆಗೆ ಸೋರಿಲ್ಲ.

ಮರುವರ್ಷ ದೊಡ್ಡ ತಾರಸಿ ಮಾಡಿಸುವುದೆಂದಾಯಿತು. ನನ್ನ ಮಾತು ಕೇಳಿ ಎದುರುಮನೆಯವರೂ, ಅವರ ಪಕ್ಕದವರೂ ಟೆರೇಸ್ ಅಕ್ಕನಿಗೇ ಹೇಳಿಟ್ಟರು. ಬೇಸಿಗೆ ಪೂರ್ತಿ ನಮ್ಮ ರಸ್ತೆಯಲ್ಲೇ ಕೆಲಸ ಎಂದು ಅವರಿಗೆ ಹಿಗ್ಗು. “ಒಂದೇ ರೋಡಲ್ಲಿ ಮೂರು ಟೆರೇಸು. ಕೆಲಸ ಹುಡುಕ್ಕೊಂಡು ನಡೆಯೋದು ತಪ್ತು. ಮಗಳು, ಅಲ್ಲೇ ಮನೆ ಮಾಡ್ಕೊಂಬಿಡಮ್ಮ ಅಂತಾಳೆ,” ಎಂದು ನಕ್ಕಿದ್ದರು. ಗಂಡ ಇಲ್ಲದ ಮನೆ. ಬನಶಂಕರಿಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಆ ಮಗಳೊಬ್ಬಳೇ ಅವರಿಗೆ ಇದ್ದದ್ದು.

ಅದೇ ಹೊತ್ತಿಗೆ ನನ್ನ ಮಗಳ ನಿಶ್ಚಿತಾರ್ಥ ಕೂಡಿ ಬಂತು. ಹುಡುಗನ ಕಡೆಯವರು ಮನೆಯಲ್ಲೇ ಸರಳವಾಗಿ ಆಗಲಿ ಎಂದರು. ತಾರಸಿಯ ಮೇಲೆ ಶಾಮಿಯಾನ ಹಾಕಿಸಿ, ಅಲ್ಲೇ ಊಟ. ಅಷ್ಟರೊಳಗೆ ಎಲ್ಲ ಮುಗಿದಿರುತ್ತದೆ ಎಂದು ಟೆರೇಸ್ ಅಕ್ಕ ಲೆಕ್ಕ ಹಾಕಿದ್ದರು. ಮುಗಿಯುತ್ತಲೂ ಇತ್ತು. ಆದರೆ ಹಳೆಯ ಪದರವನ್ನೆಲ್ಲ ಕೆರೆದು ತಾರಸಿ ಹಸಿ ಗಾಯದಂತೆ ಬಿದ್ದಿದ್ದಾಗ, ಮಂಗಳವಾರ ಸಂಜೆ ಬೇಸಿಗೆಯ ಆಲಿಕಲ್ಲು ಮಳೆ ಹೊಡೆಯಿತು. ನಿಶ್ಚಿತಾರ್ಥ ಭಾನುವಾರ. ಎರಡು ಕೋಟು ಬಳಿದು ಗಟ್ಟಿಯಾಗಲು ಎರಡು ದಿನವಾದರೂ ಬೇಕು. ಗುರುವಾರ ಮಧ್ಯಾಹ್ನ ಬಳಿಯಲೇಬೇಕು, ಇಲ್ಲದಿದ್ದರೆ ನೆಂಟರನ್ನು ಧೂಳು, ಜಲ್ಲಿಪುಡಿಯ ಮೇಲೆ ಕೂರಿಸಬೇಕು.

ನನ್ನ ಅತ್ತಿಗೆ, ಯಜಮಾನರ ಅಕ್ಕ, ಬುಧವಾರವೇ ಬಂದಿಳಿದಿದ್ದರು. “ಮೊದಲ ಸಲ ಬರ್ತಿರೋ ಬೀಗರಿಗೆ ಇದನ್ನ ತೋರಿಸ್ತೀಯಾ? ಒಬ್ಬ ಹೆಂಗಸನ್ನ ನಂಬ್ಕೊಂಡು ಕೂತಿದ್ದೀಯಲ್ಲ,” ಎಂದು ಹೋಗುತ್ತ ಬರುತ್ತ ಅನ್ನುತ್ತಿದ್ದರು. ಯಜಮಾನರು ಬರೀ ಆಕಾಶ ನೋಡುತ್ತಿದ್ದರು. ಅದು ನನಗೆ ಇನ್ನೂ ಕಷ್ಟವಾಗುತ್ತಿತ್ತು.

ಗುರುವಾರ ಬೆಳಿಗ್ಗೆ ಟೆರೇಸ್ ಅಕ್ಕ ಬೋಗುಣಿ ಬೋರಲು ಹಾಕಿ, ಹಿಟ್ಟು ಮೆತ್ತಿ, ಎರಡು ಕೋಟಿನ ನಡುವೆ ಹಾಕುವ ಜಾಲರಿ ಬಟ್ಟೆ ತರಲು ಅಂಗಡಿಗೆ ಹೋದರು. ಹನ್ನೊಂದರ ಹೊತ್ತಿಗೆ ನಾನು ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಮೇಲೆ ಹೋದೆ. ಬೋಗುಣಿಯ ಒಳಗೆ ಹನಿಗಳಿದ್ದವು. ಬಹಳವಿಲ್ಲ. ಸಾಸಿವೆ ಕಾಳಿನಷ್ಟು ಸಣ್ಣವು, ಹೂಬಳ್ಳಿಯ ಪಕ್ಕದಲ್ಲಿ ಸಾಲಾಗಿ. ನಾನು ಕುಕ್ಕರಗಾಲಲ್ಲಿ ಕುಳಿತು ಒಂದು ಕಡೆ ಹಿಟ್ಟು ಬಿಡಿಸಿ, ಬೋಗುಣಿ ಎತ್ತಿ, ಸೆರಗಿನಿಂದ ಒಳಗೆಲ್ಲ ಒರೆಸಿದೆ. ಮತ್ತೆ ಅದೇ ಜಾಗಕ್ಕೆ ಇಟ್ಟು, ಹಿಟ್ಟನ್ನು ಅವರು ಮೆತ್ತಿದ ಹಾಗೆಯೇ ಮೆತ್ತಿದೆ. ಅಷ್ಟು ಬಿಸಿಲಿದೆ, ಅವರು ಬರುವಷ್ಟರಲ್ಲಿ ನಿಜವಾಗಿಯೂ ಒಣಗಿರುತ್ತದೆ ಎಂದುಕೊಂಡೆ. ಕೆಳಗೆ ಬಂದು ಕೈ ತೊಳೆದುಕೊಂಡೆ.

ಸ್ವಲ್ಪ ಹೊತ್ತಿನಲ್ಲೇ ಅವರು ಬಂದರು, ನಾನೂ ಹಿಂದೆಯೇ ಮೇಲೆ ಹೋದೆ; ಅವರು ಮೊದಲು ಬರಿಗಾಲಲ್ಲಿ ನಡೆದರು. ನೀರಿನ ಟ್ಯಾಂಕಿನ ಹತ್ತಿರ ನಿಂತು, ಇನ್ನೊಮ್ಮೆ ಅದೇ ಜಾಗ ತುಳಿದರು. “ಕಾಲಿಗೆ ಇನ್ನೂ ಒಂಚೂರು ತಂಪು ಅನ್ನಿಸ್ತೈತೆ ಮೇಡಂ.”

ಅವರು ಬಗ್ಗಿ, ಗಾಜಿಗೆ ಕಣ್ಣು ಹತ್ತಿರ ಹಿಡಿದು ಎಲ್ಲ ಕಡೆಯಿಂದ ನೋಡಿದರು. ಒಳಗೆ ಒಂದು ಹನಿಯೂ ಇರಲಿಲ್ಲ.

“ಕಾಲಿಗೂ ವಯಸ್ಸಾಯ್ತು ಅನ್ಸತ್ತೆ. ಗಾಜು ಸುಳ್ಳು ಹೇಳಲ್ಲ,” ಎಂದು ಡಬ್ಬ ತೆರೆದರು.

ನಿಶ್ಚಿತಾರ್ಥ ಚೆನ್ನಾಗಿ ಆಯಿತು. ಬೀಗರು ಬೆಳ್ಳಗೆ ಹೊಳೆಯುವ ತಾರಸಿ ನೋಡಿ ಮೆಚ್ಚಿದರು.

ಮೂರು ವಾರವಾಗುವಷ್ಟರಲ್ಲಿ ಟ್ಯಾಂಕಿನ ಹತ್ತಿರ ಪದರ ಉಬ್ಬಿತು. ಮೊದಲು ಒಂದು, ಆಮೇಲೆ ಬಾಣಲೆಯಲ್ಲಿ ಏಳುವ ಪೂರಿಗಳ ಹಾಗೆ ಹತ್ತಾರು. ಜೂನ್ ತಿಂಗಳ ಮಳೆಗೆ ಅವು ಒಡೆದು, ನೀರು ಇಳಿದು, ಕೆಳಗಿನ ಮಲಗುವ ಕೋಣೆಯ ಚಾವಣಿಯ ಗಾರೆ ಅಂಗೈಯಗಲ ಉದುರಿತು. ಆ ವಾರ ಬಂದಿದ್ದ ಅತ್ತಿಗೆ ಉಬ್ಬಿದ ಗುಳ್ಳೆಗಳ ಫೋಟೋ ತೆಗೆದು ಎದುರುಮನೆಯವರಿಗೆ ತೋರಿಸಿದರು. ಅವರು ಅದನ್ನು ನಮ್ಮ ರಸ್ತೆಯ ವಾಟ್ಸಾಪ್ ಗುಂಪಿಗೆ ಹಾಕಿ, ಈ ಹೆಂಗಸಿಗೆ ಕೆಲಸ ಕೊಡುವ ಮುನ್ನ ಯೋಚಿಸಿ ಎಂದು ಬರೆದರು. ನಾನು ಅಡುಗೆಮನೆಯಲ್ಲಿ ನಿಂತು ಒಂದು ಸಾಲು ಟೈಪ್ ಮಾಡಿದೆ, ಅಳಿಸಿದೆ. ಮತ್ತೆ ಮಾಡಿದೆ, ಮತ್ತೆ ಅಳಿಸಿದೆ. ಅಷ್ಟರಲ್ಲಿ ಕುಕ್ಕರ್ ಕೂಗಿತು.

ಅತ್ತಿಗೆಯೇ ಟೆರೇಸ್ ಅಕ್ಕನನ್ನು ಕರೆಸಿದರು. ಅತ್ತಿಗೆ ತಾರಸಿಯ ಮೇಲೇ ನಿಂತು ಅಂದದ್ದನ್ನೆಲ್ಲ ಅವರು ಕೇಳಿಸಿಕೊಂಡರು.

“ಕೆಲಸ ಬರಲ್ಲ ಅಂದ್ರೆ ಬರಲ್ಲ ಅನ್ನಬೇಕಿತ್ತು. ನಿನ್ನ ಗಾಜು, ಹಿಟ್ಟು, ನಾಟಕ ಎಲ್ಲ ನೋಡಿ ಇವಳು ಮರುಳಾದಳು.”

ಅವರು ಒಂದು ಗುಳ್ಳೆ ಒತ್ತಿದರು. ನೀರು ಜಿನುಗಿ ಬೆರಳಿಗೆ ಬಂತು. ಆ ಬೆರಳನ್ನೇ ಸ್ವಲ್ಪ ಹೊತ್ತು ನೋಡಿದರು.

“ತಪ್ಪು ನಂದೇ ಕಣಮ್ಮ. ಕಾಲು ಸರಿಯಾಗೇ ಹೇಳ್ತು. ಕಣ್ಣು ಕೆಟ್ಟಿತು. ಹನಿ ಇದ್ದಿರ್ತದೆ, ನಂಗೇ ಕಾಣಲಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮ ಮಾತಿಗೆ ಅವಮಾನ ಆಯ್ತು ಮೇಡಂ, ನನ್ನಿಂದ,” ಎಂದರು.

ಆಗ ಹೇಳಬಹುದಿತ್ತು. ಒಂದೇ ವಾಕ್ಯ. ಕಾನ್ವೆಂಟಿನಲ್ಲಿ ಓದುವಾಗ, ನನ್ನ ಕ್ರಿಶ್ಚಿಯನ್ ಗೆಳತಿಯರು ಶುಕ್ರವಾರ ಪಾದ್ರಿಯ ಹತ್ತಿರ ಹೋಗಿ ತಪ್ಪು ಒಪ್ಪಿಕೊಂಡು ಹಗುರವಾಗಿ ಓಡಿ ಬರುವುದನ್ನು ನೋಡಿ, ನಮಗೂ ಇಂಥದ್ದೊಂದು ಇರಬಾರದೇ ಎಂದುಕೊಳ್ಳುತ್ತಿದ್ದೆ. ಅವತ್ತು ನಾನು ತಪ್ಪು ಒಪ್ಪಿಕೊಳ್ಳಬೇಕಾದವರು ನನ್ನ ಎದುರಿಗೇ ನಿಂತಿದ್ದರು. ನನ್ನ ಬಾಯಿಂದ ಬಂದದ್ದು ಬೇರೆ ಮಾತು.

“ಕಾಫಿ ಕುಡಿದು ಹೋಗಿ ಅಕ್ಕ.”

ಅವರು ಕುಡಿಯದೆ ಹೋದರು. ಎದುರುಮನೆಯವರೂ, ಅವರ ಪಕ್ಕದವರೂ ಬೇರೆ ಯಾರನ್ನೋ ಗೊತ್ತುಮಾಡಿಕೊಂಡರು.

ಮಳೆಗಾಲವೆಲ್ಲ ನಮ್ಮ ತಾರಸಿಗೆ ಟಾರ್ಪಾಲು ಹೊದಿಸಿಟ್ಟೆವು. ಅದನ್ನು ಕಟ್ಟಿದವರೂ ಟೆರೇಸ್ ಅಕ್ಕನೇ. ಗಾಳಿಗೆ ಹಾರಿತೇ, ನೀರು ನಿಂತಿತೇ ಎಂದು ಆಗಾಗ ಬಂದು ನೋಡಿ ಹೋಗುವರು. ಫೆಬ್ರವರಿಯಲ್ಲಿ ಬಿಸಿಲು ಬಲಿತ ಮೇಲೆ ಪೂರ್ತಿ ಕೆರೆದು ಮತ್ತೆ ಬಳಿದುಕೊಟ್ಟರು. ಒಂಬತ್ತು ದಿನ. ಮೊದಲೆಲ್ಲ ಕೆರೆಯುವಾಗ ಹಾಡುತ್ತಿದ್ದವರು ಈ ಸಲ ಹಾಡಲಿಲ್ಲ, ಡಬ್ಬದ ಮೇಲೆ ಏನು ಬರೆದಿದೆ ಎಂದು ಕೇಳಲಿಲ್ಲ. ಬೋಗುಣಿ ಬೋರಲು ಹಾಕಿದ ದಿನ ಮಧ್ಯಾಹ್ನ ನನ್ನನ್ನು ಮೇಲಕ್ಕೆ ಕರೆದರು.

“ನೀವೇ ನೋಡಿ ಹೇಳಿ ಮೇಡಂ.”

“ನಾನಾ? ನನಗೇನು ಗೊತ್ತಾಗತ್ತೆ ಅಕ್ಕ?”

“ನನ್ ಕಣ್ಣ ಮೇಲೆ ನಂಗೆ ನಂಬಿಕೆ ಹೋಗೈತೆ. ಕಣ್ಣಾಸ್ಪತ್ರೆಗೂ ಹೋಗಿದ್ದೆ. ಡಾಕ್ಟ್ರು ಎರಡೆರಡು ಸಲ ಲೈಟ್ ಬಿಟ್ಟು ನೋಡಿ, ಏನೂ ಇಲ್ಲ, ಚೆನ್ನಾಗೈತೆ ಅಂದ್ರು. ಪಾಪ ಚಿಕ್ಕ ವಯಸ್ಸಿನವ್ರು, ಅವ್ರಿಗೂ ಕಾಣಲಿಲ್ಲ ಅನ್ಸತ್ತೆ. ನೀವು ನೋಡಿ. ನೀವು ಹೇಳಿದ್ರೆ ನಿಜ ಇರ್ತದೆ.”

ನಾನು ಬಿಸಿ ಕಾಂಕ್ರೀಟಿನ ಮೇಲೆ ಮೊಣಕಾಲೂರಿ ನೋಡಿದೆ. ಎರಡು ಹನಿಗಳಿದ್ದವು.

“ಇದೆ ಅಕ್ಕ. ಎರಡು.”

“ನೋಡಿದ್ರಾ,” ಎಂದು ಅವರು ಮೆಲ್ಲಗೆ ಅಂದರು. ತಮಗೂ ಆ ಎರಡು ಹನಿ ಕಂಡಿದ್ದವೆಂದು ಅವರ ಮುಖ ಹೇಳುತ್ತಿತ್ತು. ಆದರೂ ಅವರು ನನ್ನ ಮಾತಿಗಾಗಿ ಕಾದಿದ್ದರು. ಮೂರನೆಯ ದಿನ ಹನಿ ನಿಂತಿತು. ಅದನ್ನೂ ನಾನೇ ಹೇಳಬೇಕಾಯಿತು.

ಕೆಲಸ ಮುಗಿದ ದಿನ, “ಈ ಬೋಗುಣಿ ನಂಗೆ ಕೊಡ್ತೀರಾ? ಎಲ್ಲರ ಮನೇಲೂ ಇಂಥದ್ದು ಇರಲ್ಲ,” ಎಂದು ಕೇಳಿದರು. ಕೊಟ್ಟೆ. ಅದು ನನ್ನ ಅಡುಗೆಮನೆಯಿಂದ ಹೋದರೆ ಸಾಕೆನ್ನಿಸಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಬಕೆಟ್ಟಿನಲ್ಲಿಟ್ಟುಕೊಂಡು ಹೋದರು.

ಆಮೇಲೆ ಎರಡು ವರ್ಷ ಅವರು ಕೋಣನಕುಂಟೆ ಕಡೆ, ಬೇಗೂರಿನ ಕಡೆ ಕೆಲಸ ಮಾಡುತ್ತಿದ್ದಾರೆ ಎಂದು ಕೇಳಿದ್ದೆ. ನಮ್ಮ ರಸ್ತೆಗೆ ಬರಲಿಲ್ಲ. ಹಬ್ಬಕ್ಕೆ ನಾನು ಫೋನ್ ಮಾಡುತ್ತಿದ್ದೆ. ಪ್ರತಿ ಸಲ ಹೇಳಿಬಿಡಬೇಕು ಎಂದು ಕುರ್ಚಿ ಎಳೆದುಕೊಂಡು ಕೂರುವುದು, ಒಬ್ಬಟ್ಟು ಮಾಡಿದಿರಾ ಎಂದು ಕೇಳಿ ಇಟ್ಟುಬಿಡುವುದು. ಅವರು ತಪ್ಪದೆ ಕೇಳುತ್ತಿದ್ದುದು ಒಂದೇ. “ಟೆರೇಸು ಹೆಂಗೈತೆ ಮೇಡಂ? ಉಬ್ಬಿಲ್ಲ ತಾನೆ?”

ಈ ವರ್ಷ ಯುಗಾದಿಗೆ ಫೋನ್ ಮಾಡಿದಾಗ ಎತ್ತಿದ್ದು ಮಗಳು. ಅವರು ತೀರಿಕೊಂಡು ಹದಿನೆಂಟು ದಿನವಾಗಿತ್ತು. ಎದೆನೋವು ಎಂದರಂತೆ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. “ನಿಮ್ಮ ಮನೇಗೆ ಬರಬೇಕು ಅಂತಿದ್ದೆ ಆಂಟಿ. ಅಮ್ಮನ ಸಾಮಾನು ಒಂದಿದೆ,” ಎಂದಳು.

ಮರುದಿನವೇ ಬಂದಳು. ತಾಯಿಯದೇ ಅಗಲ ಹಣೆ. ಅಂಗಡಿಯ ಪ್ಲಾಸ್ಟಿಕ್ ಚೀಲದಿಂದ ಸೀರೆಯ ತುಂಡು ಬಿಚ್ಚಿ ಬೋಗುಣಿಯನ್ನು ಊಟದ ಮೇಜಿನ ಮೇಲಿಟ್ಟಳು. ಅಂಚಿನ ಹೂಬಳ್ಳಿಯ ಸಂದುಗಳಲ್ಲಿ ಒಣಗಿದ ಹಿಟ್ಟು ಇನ್ನೂ ಕಚ್ಚಿಕೊಂಡಿತ್ತು.

“ಇದು ನಿಮ್ದು, ಯಾವತ್ತಾದ್ರೂ ವಾಪಸ್ ಕೊಡಬೇಕು ಅಂತಿದ್ರು ಅಮ್ಮ.”

“ಕೆಲಸಕ್ಕೆ ಹೋಗ್ತಿದ್ರಾ, ಕೊನೇವರೆಗೂ?”

“ಹೋಗೋರು. ಆದ್ರೆ ಮೊದಲಿನ ಥರ ಇಲ್ಲ ಆಂಟಿ. ಯಾರ ಮನೇಗೆ ಹೋದ್ರೂ ಆ ಮನೆಯವ್ರನ್ನೇ ಕರೆದು, ಹನಿ ಇದೆಯಾ ನೋಡಿ ಅನ್ನೋರು. ಏನಮ್ಮ, ನಿಂಗೇ ಗೊತ್ತಾಗಲ್ವಾ ಅಂತ ನಗೋರಂತೆ ಕೆಲವರು. ಕೆಲಸ ಕಮ್ಮಿ ಆಯ್ತು. ಮನೇಲಿ ಅಕ್ಕಿ ಆರಿಸಿದ್ರೂ ನನ್ನ ಕೈಲಿ ಇನ್ನೊಂದ್ಸಲ ನೋಡಿಸೋರು.” ಅವಳು ಬೋಗುಣಿಯ ಅಂಚು ಸವರಿದಳು. “ನಿಮ್ಮ ವಿಷಯ ಮಾತ್ರ ಹೇಳೋರು. ಆ ಮೇಡಂ ಕಣ್ಣು ಸುಳ್ಳು ಹೇಳಲ್ಲ ಅಂತ.”

ನಾನು ಅವಳ ಎದುರು ಕುಳಿತು ಹೇಳಿದೆ. ಮಂಗಳವಾರದ ಆಲಿಕಲ್ಲು ಮಳೆಯಿಂದ ಹಿಡಿದು ಸೆರಗಿನಿಂದ ಒರೆಸಿದ್ದರವರೆಗೆ, ಏನೂ ಬಿಡದೆ. ನಿಮ್ಮಮ್ಮನ ಕಣ್ಣು ಸರಿಯಾಗಿಯೇ ಇತ್ತು, ಕೆಟ್ಟದ್ದು ನಾನು ಎಂದೆ. ಅವಳು ನನ್ನ ಕಡೆ ನೋಡಲಿಲ್ಲ. ಅವಳ ಮುಂದಿದ್ದ ಕಾಫಿಯ ಮೇಲೆ ಕೆನೆ ಕಟ್ಟಿತು.

“ಅಮ್ಮಂಗೆ ಗೊತ್ತಿತ್ತಾ?” ಎಂದು ಕೊನೆಗೆ ಕೇಳಿದಳು.

“ಇಲ್ಲ.”

“ಒಂದು ಫೋನ್ ಮಾಡಿ ಹೇಳಿದ್ರೆ ಆಗ್ತಿತ್ತಲ್ಲ ಆಂಟಿ. ಬೈತಿರಲಿಲ್ಲ ಅಮ್ಮ. ಖುಷಿ ಪಡ್ತಿದ್ರು.”

ಅದನ್ನು ಅವಳು ಸಿಟ್ಟಿನಿಂದ ಹೇಳಿರಲಿಲ್ಲ. ಇದ್ದುದನ್ನು ಇದ್ದ ಹಾಗೆ ಹೇಳಿದ್ದಳು. ನಿಜವಾಗಿಯೂ ಅವರು ಖುಷಿಪಡುತ್ತಿದ್ದರು, ನನಗೂ ಗೊತ್ತು. ಕಾಲು, ಕಣ್ಣು ಎರಡೂ ಸರಿಯಾಗಿದ್ದವು ಎಂದು ತಿಳಿದಿದ್ದರೆ ಮರುದಿನವೇ ಬಕೆಟ್ಟು ಹಿಡಿದು, ಯಾರದೋ ಮನೆಯ ಮೆಟ್ಟಿಲು ಹತ್ತುತ್ತಾ, ತಿರುಗದೆಯೇ ಏನಾದರೊಂದು ತಮಾಷೆ ಹೇಳುತ್ತಿದ್ದರು.

ಅವಳು ಎದ್ದಳು. ಬೋಗುಣಿಯನ್ನು ಮತ್ತೆ ಸೀರೆಯ ತುಂಡಿನಲ್ಲಿ ಸುತ್ತಿದಳು, ನಿಧಾನವಾಗಿ, ಅಂಚಿಗೆ ಎರಡು ಮಡಿಕೆ ಕೊಟ್ಟು. ಚೀಲದೊಳಗಿಟ್ಟುಕೊಂಡಳು.

“ಇದು ನಮ್ಮನೇಲೇ ಇರಲಿ ಆಂಟಿ.”

ಗೇಟಿನವರೆಗೆ ಹೋದೆ. ಅವಳು ಹಿಂದಿರುಗಿ ನೋಡಲಿಲ್ಲ. ಒಳಗೆ ಬಂದಾಗ ಮೇಜಿನ ಮೇಲೆ ಒಣಗಿದ ಹಿಟ್ಟಿನ ನಾಲ್ಕು ಚೂರು ಉದುರಿದ್ದವು. ಒರೆಸುವ ಬಟ್ಟೆ ಕೈಯಲ್ಲೇ ಇತ್ತು, ಒರೆಸಲಾಗಲಿಲ್ಲ.

ಅದಾಗಿ ಮೂರು ತಿಂಗಳಾಯಿತು. ರಸ್ತೆಯ ವಾಟ್ಸಾಪ್ ಗುಂಪಿನಲ್ಲಿ, ಆ ತಪ್ಪು ಅವರದಲ್ಲ, ನನ್ನದು ಎಂದು ಬರೆದೆ. ಇಬ್ಬರು ಕೈಮುಗಿದ ಚಿತ್ರ ಹಾಕಿದರು. ಒಬ್ಬರು, ಟೆರೇಸ್ ಕೆಲಸಕ್ಕೆ ಒಳ್ಳೆಯವರು ಯಾರಾದರೂ ಗೊತ್ತೇ ಎಂದು ಕೇಳಿದರು. ಈಗ ಮಳೆ ಹಿಡಿದಿದೆ. ಸಂಜೆ ಜೋರಾಗಿ ಸುರಿಯುವಾಗ ನಾನು ಮಲಗುವ ಕೋಣೆಗೆ ಹೋಗಿ, ಗಾರೆ ಉದುರಿದ್ದ ಜಾಗವನ್ನು ತಲೆಯೆತ್ತಿ ನೋಡುತ್ತೇನೆ. ಒಣಗಿದೆ. ಅವರು ಎರಡನೆಯ ಸಲ ಬಳಿದದ್ದು ಎಲ್ಲೂ ಉಬ್ಬಿಲ್ಲ, ಒಂದು ಹನಿಯೂ ಇಳಿದಿಲ್ಲ. ಫೋನ್ ಮಾಡಿ ಹೇಳಲು ಯಾರೂ ಇಲ್ಲ.